ಮೇರಿಯ ತವರುಮನೆ ಯಾವುದು?

ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಪಕ್ಕದ ಮನೆಯ ಹಿರಿಯಾಕೆ ಎರಡು ವರ್ಷದಿಂದ ತಮ್ಮ ಅಜ್ಜಿಯ ಅಜ್ಜಿಯನ್ನು ಹುಡುಕುತ್ತಿದ್ದಾರೆ. ಸಮಾಧಿ ಕಲ್ಲಿನ ಮೇಲೆ ಮೇರಿ, ಇಂಥವರ ಹೆಂಡತಿ ಎಂದಷ್ಟೇ ಇದೆ. ತವರಿನ ಹೆಸರಿಲ್ಲ. ತೊಡಕು ಅಲ್ಲಿಂದಲೇ ಶುರು.

ಇಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. ಆದರೆ 1840ರವರೆಗೆ ಬರೆದದ್ದು ಮನೆ ಯಜಮಾನರ ಹೆಸರು ಮಾತ್ರ. ಉಳಿದವರು ಬರೀ ಲೆಕ್ಕ. ಮನೆಯವರೆಲ್ಲರ ಹೆಸರು ಮೊದಲ ಸಲ ಬಂದದ್ದು 1850ರಲ್ಲಿ. ಅದೂ ಗುಲಾಮರಲ್ಲದವರದ್ದು. ಗುಲಾಮ ಹೆಂಗಸರು ಒಡೆಯನ ಹೆಸರಿನ ಕೆಳಗೆ ವಯಸ್ಸು, ಬಣ್ಣವಾಗಿ ಉಳಿದರು. ಅವರ ವಂಶದವರ ಹುಡುಕಾಟ ಇನ್ನೂ ಕಷ್ಟದ್ದು. 1890ರ ಗಣತಿಯಂತೂ 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿಗೆ ಸಿಕ್ಕಿ ಬಹುಪಾಲು ಹಾಳಾಯಿತು.

ಆದರೂ ಪಕ್ಕದ ಮನೆಯ ಹಿರಿಯಾಕೆ ಬಿಡಲಿಲ್ಲ. ಮೇರಿಯ ಗಂಡ ಅಂತರ್ಯುದ್ಧದಲ್ಲಿ ಸಿಪಾಯಿಯಾಗಿದ್ದವನು. ಅವನು ತೀರಿಕೊಂಡ ಮೇಲೆ ಪಿಂಚಣಿ ಬೇಕೆಂದರೆ ಮದುವೆ ಆದದ್ದಕ್ಕೆ ಪುರಾವೆ ಕೊಡಬೇಕಿತ್ತು. ಆ ಕಡತದಲ್ಲೇ ಮದುವೆಯ ದಿನ, ತವರಿನ ಹೆಸರು, ನೆರೆಯವರ ಸಾಕ್ಷಿ ಎಲ್ಲ ಸಿಕ್ಕಿತು. 1900ರ ಗಣತಿಯಲ್ಲಿ ಹೆಂಗಸರಿಗೊಂದು ಪ್ರಶ್ನೆ ಇತ್ತು: ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು? ಮೇರಿಯ ಸಾಲಿನಲ್ಲಿ 9, 4 ಎಂದಿದೆ. ಐದು ಮಕ್ಕಳನ್ನು ಮಣ್ಣು ಮಾಡಿದ ತಾಯಿ. ನೂರಕ್ಕೂ ಜಾಸ್ತಿ ವರ್ಷದ ನಂತರ ನಮ್ಮ ಪಕ್ಕದ ಮನೆಯವರು ಆ ಮಕ್ಕಳಿಗಾಗಿ ಕಣ್ಣೀರು ಹಾಕಿದರು. ನನಗೂ ಗಂಟಲು ಕಟ್ಟಿತು.

ಬಾಗಲಕೋಟೆ ಕಡೆಯ ನಮ್ಮೂರಿಗೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು. ಕಟ್ಟೆ ಮೇಲೆ ಕೂತು ನಮ್ಮ ಮನೆತನದ ಹಿರಿಯರ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದರು. ಅಪ್ಪ ಜೋಳ ಕೊಟ್ಟು ಕಳಿಸುತ್ತಿದ್ದರು. ಎಷ್ಟು ದೊಡ್ಡ ವಿದ್ಯೆ ಅದು! ಆದರೆ ನನಗೆ ನೆನಪಿರುವುದೆಲ್ಲ ಗಂಡಸರ ಹೆಸರೇ. ಹೆಂಗಸರು ಮರೆಯಾಗಿರುವುದು ಎರಡೂ ಕಡೆ ಒಂದೇ ಥರ, ಅಲ್ವಾ? ಇಲ್ಲಿ ಕಾಗದವಾದರೂ ಉಳಿದಿದೆ. ನಮ್ಮ ಮನೆಯಲ್ಲಿ ಇರುವುದು ಬಾಯಿಮಾತು. ಅದು ಹೇಳುವವರ ಜೊತೆಗೇ ಹೋಗಿಬಿಡುತ್ತದೆ. ಅವಸರ ಇರಬೇಕಾದದ್ದು ನಮಗೆ.

ಕಳೆದ ವಾರ 82 ವರ್ಷದ ಅತ್ತೆಗೆ ಫೋನ್ ಮಾಡಿದೆ. "ಅತ್ತಿ, ನಿಮ್ಮ ಅಜ್ಜಿ ಹೆಸರೇನು? ಯಾವೂರಾಕಿ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: "ಗಂಗವ್ವ. ಕೆರೂರಾಕಿ. ಇಷ್ಟು ವರ್ಷದಾಗ ಯಾರೂ ಕೇಳಿರಲಿಲ್ಲಪಾ. ಬರ್ಕೋ, ಇನ್ನೂ ಹೇಳ್ತೀನಿ."