ಇಳಿಜಾರಿನಲ್ಲಿ ಕ್ಲಚ್ ಒತ್ತಿ ಹಿಡಿದರೆ ಪೆಟ್ರೋಲ್ ಉಳಿಯುತ್ತದೆಯೇ?

ಕಾಸರಗೋಡಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಇಳಿಜಾರಿನಲ್ಲಿ ಕ್ಲಚ್ ಪೂರ್ತಿ ಒತ್ತಿಕೊಂಡೇ ಬನ್ನಿ. ಪೆಟ್ರೋಲ್ ಉಳಿಯುತ್ತದೆ, ಕ್ಲಚ್ಚೂ ಸವೆಯುವುದಿಲ್ಲ.’ ಮೊದಲನೆಯದು ತಪ್ಪು, ಎರಡನೆಯದು ಅರ್ಧ ನಿಜ.

ಈಗಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರ್‌ನಲ್ಲೇ ಇಳಿಯುತ್ತಾ ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ವೇಗ ತೀರಾ ಕಮ್ಮಿಯಾಗುವವರೆಗೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದೇ ಇಲ್ಲ. ಕ್ಲಚ್ ಒತ್ತಿದಿರೋ, ಚಕ್ರಕ್ಕೂ ಎಂಜಿನ್ನಿಗೂ ಸಂಪರ್ಕ ತಪ್ಪುತ್ತದೆ; ಆಫ್ ಆಗದಿರಲು ಎಂಜಿನ್ ಮತ್ತೆ ಪೆಟ್ರೋಲ್ ಕುಡಿಯಲೇಬೇಕು. ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ. ಪಾಣತ್ತೂರು ಕಡೆಯ ಘಾಟಿಯಲ್ಲಿ, ಅದೂ ಮಳೆಗಾಲದಲ್ಲಿ, ಇದನ್ನು ಮಾಡಿ ನೋಡಬೇಡಿ ಮಾರಾಯ್ರೇ!

ಇನ್ನು ಸವೆತ. ಎಂಜಿನ್ ಜೊತೆ ತಿರುಗುವ ಫ್ಲೈವೀಲ್‌ಗೂ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟ್ ಬಿಗಿಯಾಗಿ ಅದುಮಿಕೊಂಡಿರುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಅದು ಬಿಡಿಸಿಕೊಳ್ಳುತ್ತದೆ, ಸವೆಯುವುದಿಲ್ಲ ನಿಜ. ಆದರೆ ಒತ್ತಿ ಹಿಡಿದಷ್ಟು ಹೊತ್ತೂ, ಪ್ಲೇಟಿನ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಭಾರ ಇದ್ದೇ ಇರುತ್ತದೆ. ಅದು ಹಾಳಾದರೆ ಪೆಡಲ್ ಒತ್ತಿದಾಗಲೆಲ್ಲ ಕಿರಕಿರ ಸದ್ದು. ಸಣ್ಣ ಬೇರಿಂಗೇ, ಆದರೆ ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು.

ಪ್ಲೇಟನ್ನು ನಿಜವಾಗಿ ತಿನ್ನುವುದು ಹಾಫ್ ಕ್ಲಚ್. ಚೆರ್ಕಳದ ಏರಿನಲ್ಲಿ ಬ್ಲಾಕ್ ಆದಾಗ ನೋಡಿ: ಬ್ರೇಕ್ ಹಿಡಿಯದೆ, ಅರ್ಧ ಕ್ಲಚ್ಚಿನಲ್ಲೇ ಕಾರು ನಿಲ್ಲಿಸಿಕೊಳ್ಳುವವರು ಎಷ್ಟು ಜನ! ಪ್ಲೇಟ್ ಜಾರುತ್ತಾ ಉಜ್ಜಿ ಬಿಸಿಯಾಗಿ, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಅಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿದರೆ ಸಾಕು. ಓಡಿಸುವಾಗಲೂ ಎಡಗಾಲನ್ನು ಪೆಡಲ್ ಮೇಲೆ ಸುಮ್ನೆ ಇಟ್ಟುಕೊಳ್ಳಬೇಡಿ. ಕಾಲಿನ ಭಾರಕ್ಕೇ ಪ್ಲೇಟಿನ ಹಿಡಿತ ಸಡಿಲವಾಗಬಹುದು.