ಸುಳಿ ನೋಡಿ ಎತ್ತು ತಂದ ಕಥೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದರೆ ನಮ್ಮಪ್ಪನಿಗೆ ಒಂದು ಜೊತೆ ಎತ್ತು ಆರಿಸೋಕೆ ಇಡೀ ದಿನ ಬೇಕಿತ್ತು. ಹಲ್ಲು ನೋಡಬೇಕು, ಸುಳಿ ಹುಡುಕಬೇಕು, ಗೊರಸು ತಟ್ಟಬೇಕು. ನಾನು ಡಲ್ಲಾಸ್‌ನಲ್ಲಿ ಕೂತು ರನ್ನಿಂಗ್ ಬ್ಯಾಕ್ ಆರಿಸಿದ್ದೂ ಹೆಚ್ಚು ಕಡಿಮೆ ಹಾಗೇ. ಹಲ್ಲು ಒಂದು ಬಿಟ್ಟೆ.

ಆಫೀಸಿನ 12 ಜನರ ಫ್ಯಾಂಟಸಿ ಫುಟ್‌ಬಾಲ್ ಲೀಗ್ ನಮ್ಮದು. ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟೋದು, ಅವರು ಮೈದಾನದಲ್ಲಿ ಆಡಿದಂತೆ ನಮಗೆ ಅಂಕ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಅವುಚಿಕೊಂಡು ನುಗ್ಗುವವನು ರನ್ನಿಂಗ್ ಬ್ಯಾಕ್. ಅವನು 10 ಗಜ ಓಡಿದರೆ ನನಗೆ 1 ಅಂಕ, ಟಚ್‌ಡೌನ್ ಹೊಡೆದರೆ 6. ಅವನ ಕಾಲು ಉಳುಕಿದರೆ ಕುಂಟೋದು ನಾನು. ನಮ್ಮದು ಡೈನಸ್ಟಿ ಲೀಗ್ ಬೇರೆ. ಒಮ್ಮೆ ಕಟ್ಟಿಕೊಂಡರೆ ವರ್ಷಗಟ್ಟಲೆ ಮೇವು ಹಾಕಬೇಕು.

ಕಾಲೇಜು ಮುಗಿಸಿ ಬರುವ ಹುಡುಗರನ್ನು ಇಂಡಿಯಾನಾಪೊಲಿಸ್‌ನಲ್ಲಿ 40 ಗಜ ಓಡಿಸಿ ನೋಡುತ್ತಾರೆ. 2008ರಲ್ಲಿ ಕ್ರಿಸ್ ಜಾನ್ಸನ್ ಎಂಬ ರನ್ನಿಂಗ್ ಬ್ಯಾಕ್ ಅಲ್ಲಿ 4.24 ಸೆಕೆಂಡಿನಲ್ಲಿ ಓಡಿದ. ಮರುವರ್ಷವೇ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 2,006 ಗಜ ಬಾರಿಸಿದ. ನನಗೆ ಅಷ್ಟು ಸಾಕಾಯ್ತು. ತೂಕವನ್ನು 200ರಿಂದ ಗುಣಿಸಿ, ಓಟದ ಸಮಯದ ನಾಲ್ಕನೇ ಘಾತದಿಂದ ಭಾಗಿಸುವ ಒಂದು ಲೆಕ್ಕ ಇದೆ, ಸ್ಪೀಡ್ ಸ್ಕೋರ್ ಅಂತ. ಎಕ್ಸೆಲ್ ಶೀಟು ಮಾಡಿದೆ. ಹೆಂಡತಿ ಇಣುಕಿ, “ಮನೆ ಸಾಲದ ಲೆಕ್ಕಾನಾ?” ಅಂದಳು. ಹೂಂ ಅಂದೆ.

2022ರ ಡ್ರಾಫ್ಟ್ ದಿನ, ಅಂದರೆ ಸರದಿ ಪ್ರಕಾರ ಆಟಗಾರರನ್ನು ಆರಿಸುವ ದಿನ, ನನ್ನ ಸರದಿ ಬಂತು. ಕೈಯಲ್ಲಿರೋದು 90 ಸೆಕೆಂಡು. ಕೈರೆನ್ ವಿಲಿಯಮ್ಸ್ ಇನ್ನೂ ಉಳಿದಿದ್ದ. 40 ಗಜಕ್ಕೆ 4.65 ಸೆಕೆಂಡು! ಬಿಎಂಟಿಸಿ ಬಸ್ಸಿನ ಹಿಂದೆ ಓಡೋರೇ ವಾಸಿ ಅಂತ ನಕ್ಕೆ. ಅಷ್ಟರಲ್ಲಿ ಒಲೆ ಮೇಲೆ ಹಾಲು ಉಕ್ಕಿತು. ಓಡಿ ಹೋಗಿ ಒಲೆ ಆರಿಸಿ, ವಾಪಸ್ ಬಂದು ನನ್ನ ಶೀಟಿನ ಮಿಂಚಿನ ಓಟಗಾರನನ್ನು ಒತ್ತಿದೆ. ತಪ್ಪನ್ನು ಹಾಲಿನ ಮೇಲೆ ಹಾಕಬಹುದಿತ್ತು. ಆದರೆ ಸುಳ್ಳು ಯಾಕೆ, ಬೇಕಂತಲೇ ಒತ್ತಿದ್ದು.

ನನ್ನ ಮಿಂಚು ಬೆಂಚಿನ ಮೇಲೇ ಮಿಂಚಿತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಎದುರಾಳಿ ಎರಗಿ ಬಂದಾಗ ಅಡ್ಡ ನಿಂತು ಎದೆ ಕೊಡೋದೂ ರನ್ನಿಂಗ್ ಬ್ಯಾಕ್ ಕೆಲಸವೇ. ಅದು ಬಾರದವನನ್ನು ಕೋಚ್ ಹೆಚ್ಚು ಹೊತ್ತು ಕಣಕ್ಕೆ ಬಿಡೋದಿಲ್ಲ. ಎಕ್ಸೆಲ್‌ನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ವಿಲಿಯಮ್ಸ್‌ಗೆ ಅದು ಚೆನ್ನಾಗಿ ಗೊತ್ತಿತ್ತು. 2023ರಲ್ಲಿ ರ‍್ಯಾಮ್ಸ್ ತಂಡಕ್ಕೆ 12 ಪಂದ್ಯಗಳಲ್ಲಿ 1,144 ಗಜ. ಅಂಕವೆಲ್ಲ ಪಕ್ಕದ ಸೀಟಿನ ಸಹೋದ್ಯೋಗಿಗೆ. ಅವಳು ನೋಟರ್ ಡೇಮ್ ಕಾಲೇಜಿನಲ್ಲಿ ಅವನ ಆಟ ನೋಡಿದ್ದಳಂತೆ. ಸುಮ್ನೆ, ಕಣ್ಣಿಂದ!

ವಿಡಿಯೋ ಕಾಲಿನಲ್ಲಿ ಅಪ್ಪನ ಹತ್ತಿರ ಗೋಳು ತೋಡಿಕೊಂಡೆ. “ಓಡಿಸಿ ನೋಡಿದೆ, ಸರಿ ಕಣಪ್ಪ. ನೊಗಕ್ಕೆ ಕಟ್ಟಿ ನೋಡಿದ್ಯಾ?” ಅಂದರು. ನೆಟ್‌ವರ್ಕ್ ಸರಿ ಇಲ್ಲ ಅಂತ ಕಟ್ ಮಾಡಿದೆ.

ಮರುದಿನ ಶೀಟಿಗೆ ಒಂದು ಹೊಸ ಕಾಲಮ್ ಸೇರಿಸಿ “ನೊಗ” ಅಂತ ಹೆಸರಿಟ್ಟೆ. ಹೆಂಡತಿ ಮತ್ತೆ ಇಣುಕಿದಳು.

“ಮನೆ ಸಾಲದ ಲೆಕ್ಕದಲ್ಲಿ ನೊಗ ಅಂತ ಯಾಕ್ರೀ ಬರೆದಿದ್ದೀರಿ?” ಎಂದವಳು, ಒಂದು ಗಳಿಗೆ ಯೋಚಿಸಿ, “ಸರಿಯಾಗೇ ಇದೆ ಬಿಡಿ” ಅಂದಳು.