ಜರ್ಮನಿಯಲ್ಲಿ ಓದು ಪೂರ್ತಿ ಫ್ರೀನಾ? ಒಂದು ಸ್ಪಷ್ಟನೆ

"ಜರ್ಮನಿಯಲ್ಲಿ ಓದು ಪೂರ್ತಿ ಫ್ರೀ. ವಿಮಾನದ ಟಿಕೆಟ್‌ಗೆ ದುಡ್ಡಿದ್ದರೆ ಸಾಕು" ಎನ್ನುವ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದನ್ನು ನಂಬಿ ಮಕ್ಕಳು ಆಸೆ ಕಟ್ಟಿಕೊಳ್ಳುತ್ತಾರೆ. ಅದಕ್ಕೇ ಈ ಸ್ಪಷ್ಟನೆ.

ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಎನ್ನುವುದು ನಿಜ. ಆದರೆ ಎಲ್ಲ ಕಡೆಯೂ ಹಾಗಿಲ್ಲ. ಹೈಡೆಲ್‌ಬರ್ಗ್, ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಖಾಸಗಿ ಕಾಲೇಜುಗಳಂತೂ ಮೊದಲಿಂದಲೂ ದುಬಾರಿ. ಏಜೆಂಟರು ಹೇಳುವ ಕಾಲೇಜು ಸರ್ಕಾರದ್ದೋ ಖಾಸಗಿಯದ್ದೋ ಎಂದು ಮೊದಲು ಕೇಳಿ.

ದೊಡ್ಡ ಮೊತ್ತ ಬೇಕಾಗುವುದು ವೀಸಾ ಹೊತ್ತಿಗೆ. ಅಲ್ಲಿ ಬದುಕಲು ದುಡ್ಡಿದೆ ಎಂದು ತೋರಿಸಬೇಕು. ಹೆಚ್ಚಿನವರು ಇದಕ್ಕೆ ಬ್ಲಾಕ್ಡ್ ಅಕೌಂಟ್ ತೆರೆಯುತ್ತಾರೆ, ಅಂದರೆ ಮೊದಲೇ ದುಡ್ಡು ಕಟ್ಟಿಟ್ಟು ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು ವರ್ಷಕ್ಕೆ 11,904 ಯೂರೋಗೆ ಏರಿಸಿದರು. ಯೂರೋಗೆ ನೂರು ರೂಪಾಯಿ ಎಂದುಕೊಂಡರೂ ಹತ್ತಿರ ಹತ್ತಿರ 12 ಲಕ್ಷ ಆಯಿತು. ಇದು ಶುಲ್ಕವಲ್ಲ, ನಿಮ್ಮದೇ ದುಡ್ಡು. ತಿಂಗಳಿಗೆ 992 ಯೂರೋದಂತೆ ನಿಮಗೇ ವಾಪಸ್ ಸಿಗುತ್ತದೆ. ಆದರೆ ಹೊರಡುವ ಮೊದಲೇ ಹೊಂದಿಸಬೇಕಲ್ವಾ? ಸಾಮಾನ್ಯ ಮನೆಗೆ ಅದೇ ಕಷ್ಟ.

ಪಾರ್ಟ್‌ಟೈಮ್ ಕೆಲಸ ಮಾಡಬಹುದು, ವರ್ಷಕ್ಕೆ 140 ಪೂರ್ಣ ದಿನದವರೆಗೆ. ಆದರೆ ಅದು ಅಲ್ಲಿಗೆ ಹೋದ ಮೇಲಿನ ಮಾತು. ಮುಂದೆ ಸಿಗಬಹುದಾದ ಆ ಸಂಬಳವನ್ನು ನಂಬಿ ಸಾಲದ ಕಂತಿನ ಲೆಕ್ಕ ಹಾಕಬೇಡಿ.